ಪೂರ್ಣಾವಧಿ ಭಾಗವಹಿಸಿರುತ್ತಾರೆ

ನಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಸುತ್ತೋಲೆ ಬಂದರೆ ಮೊದಲು ಬರುವುದು ಆಕಳಿಕೆ. ಆಮೇಲೆ ಬೈಗುಳ. ಓದುವುದು ಯಾರಿಗಾದರೂ ಪುರುಸೊತ್ತಿದ್ದರೆ ಮಾತ್ರ. ಕಳೆದ ವರ್ಷವೂ ಅಂಥದ್ದೊಂದು ಬಂತು. ಸಿಬ್ಬಂದಿಗೆಲ್ಲ ಒಂದು ದಿನದ ಕಾರ್ಯಾಗಾರವಂತೆ. ಬೆಳಿಗ್ಗೆ ಹೊಸ ಕಂಪ್ಯೂಟರ್ ಪದ್ಧತಿಯ ಪಾಠ, ಮಧ್ಯಾಹ್ನ ಆರೋಗ್ಯದ ಪಾಠ. ಹಾಜರಾತಿ ಕಡ್ಡಾಯ.

ನನ್ನನ್ನು ಕಚೇರಿಯಲ್ಲಿ ಎಲ್ಲರೂ ಸೀಲಕ್ಕ ಅನ್ನುತ್ತಾರೆ. ಪದವಿ ಪ್ರಮಾಣಪತ್ರಕ್ಕೆ ಮೊಹರು ಒತ್ತುವುದು ನನ್ನ ಕೆಲಸ. ನನ್ನೆದುರಿನ ಮೇಜು ಅಕ್ಷರದಣ್ಣನದು. ಪ್ರಮಾಣಪತ್ರದಲ್ಲಿ ಬೇರೆಯದೆಲ್ಲ ಅಚ್ಚಾಗಿ ಬಂದರೂ ಹೆಸರನ್ನು ಮಾತ್ರ ಕೈಯಲ್ಲೇ ಬರೆಯಬೇಕೆಂಬುದು ನಮ್ಮಲ್ಲಿ ಹಳೆಯ ನಿಯಮ. ಅದನ್ನು ಬರೆಯುತ್ತಿದ್ದವರು ಅವರು. ಮುತ್ತು ಪೋಣಿಸಿದ ಹಾಗಿರುತ್ತಿತ್ತು ಅಕ್ಷರ. ಹತ್ತೊಂಬತ್ತು ವರ್ಷ ಅವರು ಬರೆದರು, ನಾನು ಒತ್ತಿದೆ. ಮಾತು ಬಹಳ ಕಡಿಮೆ, ಏನು ಹೇಳಿದರೂ 'ಆಯ್ತು' ಅನ್ನುವ ಮನುಷ್ಯ. ರಜೆ ಸಿಗಲಿಲ್ಲ ಅಂದರೂ ಆಯ್ತು, ಫ್ಯಾನು ಕೆಟ್ಟಿದೆ ಅಂದರೂ ಆಯ್ತು.

"ನಾಳೆ ಪ್ರಳಯ ಅಂದ್ರೂ ಆಯ್ತು ಅಂತೀರಲ್ಲ ಅಣ್ಣ!" ಎಂದು ನಾನು ರೇಗಿಸುತ್ತಿದ್ದೆ. ಅದಕ್ಕೂ ಆಯ್ತು ಅನ್ನುತ್ತಿದ್ದರು.

ಕಾರ್ಯಾಗಾರದ ದಿನ ಬೆಳಗಿನ ಪಾಠವನ್ನು ಹೇಗೋ ಕಣ್ಣು ಬಿಟ್ಟುಕೊಂಡು ಮುಗಿಸಿದೆವು. ಊಟವಾಯಿತು. ಘಟಿಕೋತ್ಸವಕ್ಕೆ ಉಳಿದಿದ್ದದ್ದು ಮೂರೇ ವಾರ, ಬರೆಯಬೇಕಾದ ಹೆಸರುಗಳು ಸಾವಿರದ ಮೇಲೆ. ನಾನು ಅಕ್ಷರದಣ್ಣನ ತೋಳು ಹಿಡಿದು ಜಗ್ಗಿದೆ.

"ಬನ್ನಿ ಅಣ್ಣ, ಹೋಗೋಣ. ಸಹಿ ಹಾಕಿದ್ರೆ ಮುಗೀತು."

"ಇರಮ್ಮ. ಒಂದು ವಾರದಿಂದ ತಲೆ ಹಿಂದೆ ಹಿಡ್ಕೊಂಡಂಗಿದೆ. ನರ್ಸಮ್ಮ ಬಿಪಿ ನೋಡ್ತಾರಂತೆ, ತೋರಿಸ್ಕೊಂಡೇ ಬರ್ತೀನಿ."

"ಅಯ್ಯೋ, ಇಷ್ಟು ಚಿಕ್ಕ ಅಕ್ಷರ ಬರೆದ್ರೆ ತಲೆ ನೋಯದೆ ಇರುತ್ತಾ? ಉಸಿರು ಹೇಗೆ ಎಳ್ಕೋಬೇಕು, ನೀರು ಎಷ್ಟು ಕುಡೀಬೇಕು ಅಂತ ಹೇಳ್ತಾರೆ ಅಷ್ಟೇ. ಐವತ್ತು ವರ್ಷ ನಾವು ಉಸಿರಾಡಿಲ್ವಾ?"

ಬಾಗಿಲಲ್ಲಿ ನರ್ಸಮ್ಮ ಸಿಕ್ಕಿದರು. ನಮ್ಮ ಆವರಣದ ಆರೋಗ್ಯ ಕೇಂದ್ರದವರು. ಮಧ್ಯಾಹ್ನದ ಪಾಠ ಅವರದೇ.

"ಎಲ್ಲಿಗೆ ಹೊರಟ್ರಿ ಇಬ್ಬರೂ? ಅಣ್ಣ, ಮುಖ ಯಾಕೆ ಹೀಗೆ ಬಾಡಿದೆ? ಕೂತ್ಕೊಳ್ಳಿ, ಐದು ನಿಮಿಷ."

"ಒಂದು ಫೈಲು ಕೊಟ್ಟು ಬಂದೇಬಿಡ್ತೀವಿ ನರ್ಸಮ್ಮ," ಅಂದೆ ನಾನು.

"ಹೋದೋರು ಯಾರೂ ಬರಲ್ಲ, ನನಗೆ ಗೊತ್ತಿಲ್ವಾ? ಪುಸ್ತಕದ ತುಂಬ ಸಹಿ, ಕುರ್ಚಿ ಎಲ್ಲಾ ಖಾಲಿ."

ಅಕ್ಷರದಣ್ಣ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ನನಗೆ "ಆಯ್ತು" ಅಂದರು. ಸಹಿ ಹಾಕಲು ಹಿಂದೆ ಮುಂದೆ ನೋಡುತ್ತ ನಿಂತಿದ್ದರು. ಅವರ ಸಹಿಯನ್ನೂ ನಾನೇ ಗೀಚಿದೆ.

ಮರುವಾರ ನಮ್ಮೆಲ್ಲರಿಗೂ ಪ್ರಮಾಣಪತ್ರ ಬಂತು. 'ಕಾರ್ಯಾಗಾರದಲ್ಲಿ ಪೂರ್ಣಾವಧಿ ಭಾಗವಹಿಸಿರುತ್ತಾರೆ' ಎಂದು ಅಚ್ಚಾಗಿತ್ತು. ಹೆಸರುಗಳನ್ನು ಅಕ್ಷರದಣ್ಣನೇ ಬರೆದರು, ತಮ್ಮದನ್ನೂ ಬರೆದುಕೊಂಡರು. ನಾನು ಮೊಹರು ಒತ್ತಿದೆ. "ಊಟಕ್ಕಂತೂ ಪೂರ್ಣಾವಧಿ ಇದ್ವಲ್ಲ!" ಅಂದೆ. ಇಡೀ ವಿಭಾಗ ನಕ್ಕಿತು.

ಇದಾಗಿ ಒಂಬತ್ತನೇ ದಿನ. ಬೆಳಿಗ್ಗೆ ಹತ್ತೂವರೆ. ಅಣ್ಣ ಬರೆದುಕೊಟ್ಟ ಪದವಿ ಪ್ರಮಾಣಪತ್ರವೊಂದು ನನ್ನ ಕೈಗೆ ಬಂತು. ಹೆಸರು ಗೆರೆಯಿಂದ ಜಾರಿ ಕೆಳಗೆ ಬಿದ್ದಿತ್ತು.

"ಏನಣ್ಣ ಇದು, ಕಾಗೆ ಕಾಲು ಗುಬ್ಬಿ ಕಾಲು! ಹತ್ತೊಂಬತ್ತು ವರ್ಷದಲ್ಲಿ ಮೊದಲನೇದು."

ಅವರು ನಕ್ಕರು. ಬಾಯಿಯ ಒಂದೇ ಬದಿ ನಕ್ಕಿತು.

"ಸೊಟ್ಟಮೂತಿ ಬೇರೆ ಮಾಡ್ತೀರಾ?" ಅಂದೆ.

ಏನೋ ಹೇಳಲು ಹೋದರು. ನಾಲಿಗೆ ದಪ್ಪವಾದಂತೆ ಮಾತು ತೊದಲಿತು. "ಬೆಳಿಗ್ಗೆನೇ ಏನು ಹಾಕ್ಕೊಂಡು ಬಂದ್ರಿ?" ಎಂದು ಹಿಂದಿನ ಮೇಜಿನವರು ಕೇಳಿದರು. ಮತ್ತೆ ಎಲ್ಲರೂ ನಕ್ಕೆವು. ಆಮೇಲೆ ಪೆನ್ನು ಕೈಯಿಂದ ಜಾರಿತು. ಸುಸ್ತಿರಬೇಕೆಂದು ನಾನೇ ಕಾಫಿ ಕುಡಿಸಲು ಹೋದೆ. ಅದು ಗಲ್ಲದ ಮೇಲೆ ಇಳಿಯಿತು. "ಸ್ವಲ್ಪ ಮಲಗಿ ಅಣ್ಣ, ಸರಿಹೋಗುತ್ತೆ," ಎಂದು ಕಡತದ ಕೋಣೆಯ ಬೆಂಚಿನಲ್ಲಿ ಮಲಗಿಸಿ ಬಾಗಿಲು ಮುಂದೆ ಮಾಡಿದೆ. ನಿದ್ದೆ ಕೆಡದಿರಲಿ ಎಂದು ಯಾರನ್ನೂ ಒಳಗೆ ಬಿಡಲಿಲ್ಲ. ಪಾಪಿ ನಾನು, ಕಾವಲು ಕೂತೆ.

ಸಂಜೆ ಎಬ್ಬಿಸಲು ಹೋದರೆ ಬಲಗೈ, ಬಲಗಾಲು ಏಳಲಿಲ್ಲ. ಆಸ್ಪತ್ರೆಗೆ ಒಯ್ದೆವು. ಸುದ್ದಿ ತಿಳಿದು ಅವರ ಹೆಂಡತಿ ಓಡಿಬಂದರು.

"ಯಾವಾಗ ಶುರುವಾಯ್ತು?" ಡಾಕ್ಟರು ಕೇಳಿದರು.

"ಬೆಳಿಗ್ಗೆ ಹತ್ತೂವರೆಗೆ."

ಡಾಕ್ಟರು ಗೋಡೆ ಗಡಿಯಾರ ನೋಡಿದರು. ಆರು ಗಂಟೆ. "ಲಕ್ವಾ ಇದು. ಮಿದುಳಿಗೆ ಹೋಗೋ ರಕ್ತ ಹೆಪ್ಪುಗಟ್ಟಿ ನಿಂತಿದೆ. ನಾಲ್ಕೂವರೆ ಗಂಟೆ ಒಳಗೆ ತಂದಿದ್ರೆ ಒಂದು ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು. ಅಲ್ಲಿ ಯಾರಿಗೂ ಗೊತ್ತಾಗಲಿಲ್ವಾ?"

ನಮ್ಮ ವಿಭಾಗದಲ್ಲಿ ಹನ್ನೊಂದು ಜನ. ಹನ್ನೊಂದು ಪ್ರಮಾಣಪತ್ರ.

ಅಣ್ಣ ಬದುಕಿದರು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದೇ ಇತ್ತು. ಮಾತೂ ಹೋಯಿತು. ಉಳಿದದ್ದು ಒಂದೇ ಒಂದು: 'ಆಯ್ತು'. ನೀರು ಬೇಕಾದರೂ ಆಯ್ತು, ನೋವಾದರೂ ಆಯ್ತು, ಅಳು ಬಂದರೂ ಆಯ್ತು.

ಅತ್ತಿಗೆ ಹೊಲಿಗೆಯವರು. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನು, ಪಕ್ಕಕ್ಕೆ ಅಣ್ಣನ ಕುರ್ಚಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಅಣ್ಣನ ಎಡಗೈಗೆ ಕೊಟ್ಟು, ಚೂರು ಬಟ್ಟೆಯ ಮೇಲೆ ಬರೆಯಿಸುತ್ತಿದ್ದರು. ಆರು ತಿಂಗಳಾದರೂ ಒಂದು ಅಕ್ಷರ ಪೂರ್ತಿಯಾಗಿರಲಿಲ್ಲ. ಒಂದು ದಿನ ನಾನು ಹೋದಾಗ ಅತ್ತಿಗೆಯ ಕೈಯಲ್ಲಿ ಆ ಕಾರ್ಯಾಗಾರದ ಪ್ರಮಾಣಪತ್ರವಿತ್ತು.

"ಸೀಲಕ್ಕ, ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಲಕ್ವಾದ ಗುರುತು ಏನೇನು ಅಂತ ಆ ಕಾರ್ಯಾಗಾರದಲ್ಲೇ ಹೇಳಿಕೊಟ್ಟಿದ್ರಂತೆ. ನೀವಿಬ್ರೂ ಪೂರ್ತಿ ಕೂತಿದ್ರಲ್ಲ? ಮತ್ತೆ ಹೇಗೆ ಗೊತ್ತಾಗಲಿಲ್ಲ?"

ಸುಳ್ಳು ಹೇಳಬಹುದಿತ್ತು. ಅಣ್ಣ ನನ್ನನ್ನೇ ನೋಡುತ್ತಿದ್ದರು. ಎಲ್ಲ ಹೇಳಿದೆ. ಅವರು ಉಳಿಯಬೇಕೆಂದದ್ದು, ನಾನು ತೋಳು ಹಿಡಿದು ಎಳೆದದ್ದು, ಸಹಿ ಗೀಚಿದ್ದು. ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರಮಾಣಪತ್ರವನ್ನು ಮಡಚಿ ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಹೊಲಿಯತೊಡಗಿದರು.

ಹೊರಡುವಾಗ ಅಂದರು, "ಮುಂದಿನ ಸಲ ಆ ಪಾಠ ಯಾವಾಗ ಅಂತ ತಿಳಿಸಿ. ನಾನೂ ಬರ್ತೀನಿ. ಲಕ್ವಾ ಇನ್ನೊಂದು ಸಲ ಹೊಡೀಬಹುದು ಅಂದಿದ್ದಾರೆ ಡಾಕ್ಟರು. ಆಗ ನಿಮ್ಮನ್ನ ನಂಬ್ಕೊಂಡು ಕೂರೋಕಾಗಲ್ಲ."

ಈ ವರ್ಷದ ಕಾರ್ಯಾಗಾರಕ್ಕೆ ಇಬ್ಬರೂ ಹೋದೆವು. ಮೊದಲ ಸಾಲಿನಲ್ಲಿ ಕೂತೆವು. ನಡುವೆ ಒಂದು ಕುರ್ಚಿ ಬಿಟ್ಟು ಅತ್ತಿಗೆ ಕೂತರು. ನರ್ಸಮ್ಮ ನನ್ನ ಬಿಪಿ ನೋಡಿದರು. ನನಗೂ ಹೆಚ್ಚಿತ್ತು, ಮಾತ್ರೆ ಶುರುವಾಯಿತು. ಆಮೇಲೆ ಪಾಠ.

"ನಾಲ್ಕೇ ಮಾತು ನೆನಪಿಡಿ: ನಗು, ಕೈ, ಮಾತು, ಗಡಿಯಾರ. ನಗೋಕೆ ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತಾ? ಎರಡೂ ಕೈ ಎತ್ತೋಕೆ ಹೇಳಿ, ಒಂದು ಕೆಳಗೆ ಜಾರುತ್ತಾ? ಮಾತಾಡಿಸಿ, ತೊದಲುತ್ತಾ? ಇದರಲ್ಲಿ ಒಂದು ಕಂಡ್ರೂ ಗಡಿಯಾರ ನೋಡಿ, ಆಂಬುಲೆನ್ಸ್ ಕರೀರಿ. ನೀರು, ಕಾಫಿ ಏನೂ ಕುಡಿಸಬೇಡಿ. ಮಲಗಿದ್ರೆ ಸರಿಹೋಗುತ್ತೆ ಅಂತ ಕಾಯಬೇಡಿ."

ಅಷ್ಟೇ. ಹತ್ತು ನಿಮಿಷದ ಪಾಠ. ನಗು ನೋಡಿದ್ದೆ, ಗೇಲಿ ಮಾಡಿದ್ದೆ. ಕೈ ನೋಡಿದ್ದೆ, ಮಾತು ಕೇಳಿದ್ದೆ. ಗಡಿಯಾರವನ್ನು ಮಾತ್ರ ನೋಡಿರಲಿಲ್ಲ.

ಕಾರ್ಯಾಗಾರ ಮುಗಿಸಿ ನೇರ ಅಣ್ಣನ ಮನೆಗೆ ಹೋದೆವು. ಅವರ ಕುರ್ಚಿಯ ಮುಂದೆ ಕೂತು ಆ ಬಲಗೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ತಣ್ಣಗಿತ್ತು.

"ಇವತ್ತು ಕೊನೇವರೆಗೂ ಕೂತಿದ್ದೆ ಅಣ್ಣ. ಅವತ್ತು ನಿಮ್ಮನ್ನ ಎಳ್ಕೊಂಡು ಹೋಗಿದ್ದು ನಾನು. ನನ್ನನ್ನ ಕ್ಷಮಿಸ್ತೀರಾ?"

ಅವರು ನನ್ನ ಮುಖ ನೋಡಿದರು. ತುಟಿ ಅಲುಗಿತು.

"ಆಯ್ತು," ಅಂದರು.

ಕ್ಷಮಿಸಿದರೋ, ಎಲ್ಲ ಮುಗಿದೇ ಹೋಯಿತು ಅಂದರೋ, ಬೇರೆ ಮಾತಿಲ್ಲದೆ ಅಷ್ಟೇ ಅಂದರೋ ನನಗೆ ಗೊತ್ತಿಲ್ಲ. ಅವರ ಕೈಯಲ್ಲಿ ಬರೆಸಿ ಕೇಳೋಣವೆಂದರೆ ಆ ಕೈಯೂ ಇಲ್ಲ. ಇನ್ನು ನನಗೆ ಅದು ಯಾವತ್ತೂ ತಿಳಿಯುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಚೇರಿಯ ಸೂಚನಾ ಫಲಕದಲ್ಲೂ ಇಂಥ ಸುತ್ತೋಲೆ ಅಂಟಿಸಿರುತ್ತಾರೆ. ಆಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಹೋಗಿ, ಬಿಪಿ ತೋರಿಸಿಕೊಳ್ಳಿ, ಕೊನೆಯವರೆಗೆ ಕೂತಿರಿ. ಏಳಬೇಕೆನ್ನಿಸಿದರೆ ನೀವೊಬ್ಬರೇ ಎದ್ದು ಹೋಗಿ, ಕೂರಬೇಕೆಂದವರ ತೋಳು ಮಾತ್ರ ಹಿಡಿಯಬೇಡಿ. ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ. ಅಣ್ಣ ಬರೆಯದೆ ಉಳಿಸಿದ ನೂರಾರು ಹೆಸರುಗಳನ್ನು ಯಂತ್ರ ಎರಡೇ ದಿನದಲ್ಲಿ ಅಚ್ಚು ಹಾಕಿತು. ಮೊಹರು ನಾನೇ ಒತ್ತಿದೆ.

ಸಹಿ ಪುಸ್ತಕ ಬಾಗಿಲಲ್ಲೇ ಇರುತ್ತದೆ. ಪಾಠ ಮುಗಿಸಿ ಹೊರಗೆ ಬರುವಾಗ ಹಾಕಿ.