ಮೂರು ಅನ್ನುವ ತನಕ

ಶ್ರೀಕಂಠ ತಂಗಿಯ ಗಂಡನ ಶವಪೆಟ್ಟಿಗೆಯ ಹಿಡಿಯನ್ನು ಒಂದು ಸಲ ಎಳೆದು ನೋಡಿ, ಸೊಂಟ ಹಿಡಿದುಕೊಂಡು ನೆಟ್ಟಗಾದ.

"ಆಗಲ್ಲಮ್ಮ ಜಲಜಾ. ಎತ್ತೋಕೆ ಆರು ಜನ ಬೇಕಂತೆ, ಇಲ್ಲಿ ನಾನು, ನನ್ನ ಮಗ ಸಾಗರ್, ಇಬ್ಬರೇ. ಇವರ ಹತ್ರ ಚಕ್ರದ ಗಾಡಿ ಇದೆ, ತಳ್ಕೊಂಡು ಹೋಗೋಣ ಬಿಡು."

ಮಂಗಳವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಹೇವರ್ಡಿನ ಆ ಅಂತ್ಯಕ್ರಿಯೆಯ ಹಾಲ್‌ನಲ್ಲಿ ಹತ್ತು ಮಂದಿಯೂ ಇರಲಿಲ್ಲ. ಪರಿಚಯದ ಕನ್ನಡದವರೆಲ್ಲ ಮೆಸೇಜು ಕಳಿಸಿದ್ದರು. ಪಾಪ, ಮೀಟಿಂಗು ಬಿಟ್ಟು ಬರುವುದು ಯಾರಿಗೆ ಸುಲಭ?

"ಇಪ್ಪತ್ತೆರಡು ವರ್ಷ ಕಂಡೋರ ಮಕ್ಕಳನ್ನ ಮೇಲೆತ್ತಿದ್ರು ಅಣ್ಣಾ. ಈಗ ಅವರನ್ನ ಎತ್ತೋಕೆ ಜನ ಇಲ್ವಾ?" ಎಂದಳು ಜಲಜಾ.

"ಅದೇನು ಕಂಡನೋ ನಾಗರಾಜು ಆ ಚೆಂಡಾಟದಲ್ಲಿ. ಕೊನೇವರೆಗೂ ಹೆಡ್ ಕೋಚ್ ಕೂಡ ಆಗ್ಲಿಲ್ಲ."

ಶ್ರೀಕಂಠ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಜಲಜಾ ಅವನ ಕಡೆ ನೋಡದೆ ಪೆಟ್ಟಿಗೆಯ ಹತ್ತಿರ ಹೋದಳು. ಹೆಡ್ ಕೋಚ್ ಆಗದಂತೆ ಗಂಡನನ್ನು ತಡೆದವಳು ಅವಳೇ.

*

ಮಂಡ್ಯದಲ್ಲಿ ಕಬಡ್ಡಿ ಆಡಿಕೊಂಡಿದ್ದ ನಾಗರಾಜು ಸ್ಯಾನ್ ಹೊಸೆಗೆ ಬಂದದ್ದು ಚಿಪ್ ಪರೀಕ್ಷಿಸುವ ಕೆಲಸಕ್ಕೆ. ಒಂದು ಸಂಜೆ ಯಾವುದೋ ಕಾಲೇಜಿನ ಬೇಲಿಯಾಚೆ ನಿಂತು ಅಮೆರಿಕನ್ ಫುಟ್‌ಬಾಲ್ ಅಭ್ಯಾಸ ನೋಡಿದ. "ನಿಮ್ಮ ಹುಡುಗರು ಸೊಂಟ ಬಗ್ಗಿಸ್ತಾರೆ, ಮಂಡಿ ಬಗ್ಗಿಸಲ್ಲ" ಎಂದು ಅಲ್ಲಿನ ಕೋಚಿಗೇ ಹೇಳಿಬಿಟ್ಟ. ಮೊದಲು ಸಂಜೆ ಹೊತ್ತು ನೀರು ಹೊತ್ತ, ವಿಡಿಯೋ ತೆಗೆದ. ಆಮೇಲೆ ಅರೆಕಾಲದ ಸಹಾಯಕನಾದ. ಕಡೆಗೆ ಆಫೀಸು ಬಿಟ್ಟು ಲೈನ್ ಕೋಚ್ ಆದ. ಲೈನ್ ಎಂದರೆ ಮುಂದೆ ನಿಂತು, ಹಿಂದಿರುವ ಚೆಂಡೆಸೆಯುವವನನ್ನು ಕಾಯುವ ಐದು ಜನ ಭಾರಿ ಮೈಕಟ್ಟಿನವರು. ಇಡೀ ಆಟದಲ್ಲಿ ಅವರಿಗೆ ಚೆಂಡು ಸಿಗುವುದೇ ಅಪರೂಪ, ಅವರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ.

ಪ್ರತಿ ಸಲವೂ ಇವರು ಮಂಡಿ ಬಗ್ಗಿಸಿ ಕಾದಿರಬೇಕು, ಹಿಂದಿರುವವನು ಎಣಿಸಬೇಕು, ಅದಕ್ಕೆ ಇವರು ಏಳಬೇಕು. ಇಂಗ್ಲಿಷಿನ ಎಣಿಕೆ ಎದುರಾಳಿಗಳಿಗೆ ತಿಳಿದುಹೋಗುತ್ತದೆಂದು ನಾಗರಾಜು ಕನ್ನಡದಲ್ಲಿ ಕಲಿಸಿದ. ಮೂರು ಅಂದ ಮೇಲೇ ಏಳಬೇಕು. ಎರಡಕ್ಕೆ ಕದಲಿದವನು ಮೈದಾನ ಸುತ್ತಬೇಕು.

"ಮಗಳು ಹರ್ಷಿತಾ ಬಾಯಲ್ಲೇ ಕನ್ನಡ ಬರಲ್ಲ, ಊರಿಗೆಲ್ಲ ಪಾಠ!" ಎಂದು ಜಲಜಾ ರೇಗಿಸುತ್ತಿದ್ದಳು. ಶನಿವಾರ ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಂದು ಆಟಕ್ಕೂ ಹೋಗಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ದೂರದ ಐಡಾಹೋ ರಾಜ್ಯದ ಒಂದು ಸಣ್ಣ ಕಾಲೇಜು ಹೆಡ್ ಕೋಚ್ ಆಗಲು ಕರೆಯಿತು.

"ಹರ್ಷಿತಾ ಸ್ಕೂಲು, ನನ್ನ ಕೆಲಸ, ಎಲ್ಲಾ ಬಿಟ್ಟು ಬರೋಕಾಗಲ್ಲಪ್ಪ. ನೀವು ಬೇಕಾದ್ರೆ ಹೋಗಿ."

"ಆಯ್ತು ಬಿಡೇ," ಎಂದ ನಾಗರಾಜು, ಅಕ್ಕಿ ತೊಳೆಯಲು ಎದ್ದುಹೋದ. ಮತ್ತೆ ಆ ಮಾತೆತ್ತಲಿಲ್ಲ.

*

ಶ್ರೀಕಂಠ ಗಾಡಿ ತರಿಸುವಷ್ಟರಲ್ಲಿ ಬಾಗಿಲಲ್ಲಿ ಬೆಳಕು ಮರೆಯಾಯಿತು. ಆರು ಜನ ಭಾರಿ ಆಳುಗಳು ಒಬ್ಬೊಬ್ಬರಾಗಿ ಒಳಗೆ ಬಂದರು. ಕೋಟಿನ ಗುಂಡಿಗಳು ಈಗಲೋ ಆಗಲೋ ಎನ್ನುತ್ತಿದ್ದವು. ಮುಂದಿದ್ದವನು ತನ್ನ ಹೆಸರು ಸಿಯೋನೆ ಎಂದು ಹೇಳಿ, ತಾವೆಲ್ಲ ಬೇರೆ ಬೇರೆ ವರ್ಷದ ಲೈನಿನವರು, ಕೋಚನ್ನು ಹೊರಲು ಬಂದಿದ್ದೇವೆ ಎಂದ.

ತಾನೇ ಕೇಳಲು ಧೈರ್ಯವಾಗದೆ ಜಲಜಾ ಮಗಳ ಕೈ ಹಿಡಿದಳು. "ಐಡಾಹೋ ವಿಷಯ ಯಾವತ್ತಾದ್ರೂ ಅಂದಿದ್ರಾ ಕೇಳು."

ಹರ್ಷಿತಾ ಕೇಳಿದಳು. ಸಿಯೋನೆ ಅವಳಿಗೆ ಮಾತ್ರ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಮ್ಮನಿಗೆ ತಡವರಿಸುತ್ತಾ ಕನ್ನಡಕ್ಕೆ ತಿರುಗಿಸಿದಳು. "ಒಂದಿನ ಇವ್ರು ಮೂರು ಸಲ ಎರಡಕ್ಕೇ ಎದ್ರಂತೆ. ಅಪ್ಪ ಬೈದ್ರಂತೆ, 'ಅಯ್ಯೋ, ಇವನಿಗೋಸ್ಕರ ಐಡಾಹೋ ಬಿಟ್ಟೆನಲ್ಲಪ್ಪಾ!' ಅಂತ. ಆಮೇಲೆ... ಅಪ್ಪನೇ ತುಂಬಾ ನಕ್ಕರಂತೆ, ಅಮ್ಮ."

ಜಲಜಾಗೂ ನಗು ಬಂತು. ನಗುವಾಗಲೇ ಅಳು ಬಂತು.

ಆರು ಜನ ಪೆಟ್ಟಿಗೆಯ ಎರಡೂ ಬದಿಗೆ ಹೋಗಿ ಮಂಡಿ ಬಗ್ಗಿಸಿದರು. ಬೆನ್ನು ನೆಟ್ಟಗೆ, ಕೈ ಹಿಡಿಯ ಮೇಲೆ. ಎಣಿಸುವವರು ಹಿಂದಿರಬೇಕು, ನಾವೇ ಎಣಿಸಿಕೊಳ್ಳುವಂತಿಲ್ಲ, ಕನ್ನಡದಲ್ಲಿ ನೀವೇ ಹೇಳಬೇಕು ಎಂದ ಸಿಯೋನೆ, ಜಲಜಾಳ ಕಡೆ ತಿರುಗಿ.

ಜಲಜಾ ಹಿಂದೆ, ಗಂಡನ ತಲೆಯ ಕಡೆ ಬಂದು ನಿಂತಳು.

"ಒಂದು."

ಉಸಿರೆಳೆದುಕೊಂಡಳು.

"ಎರಡು."

ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಇನ್ನೊಂದು ಅಂದರೆ ಅವನು ಹೊರಟುಹೋಗುತ್ತಾನೆ. ಶ್ರೀಕಂಠ ಕೆಮ್ಮಿದ. ಹಾಲ್‌ನ ಸಿಬ್ಬಂದಿ ಗಡಿಯಾರ ನೋಡಿದರು. ಸಿಯೋನೆಯ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂತು, ಅವನು ಒರೆಸಿಕೊಳ್ಳಲಿಲ್ಲ. ಆರು ಜನ ಹಾಗೇ ಬಗ್ಗಿಕೊಂಡು, ಕೂದಲೆಳೆಯಷ್ಟೂ ಕದಲದೆ, ಅವಳು ಮೂರು ಅನ್ನುವುದನ್ನು ಕಾಯುತ್ತಿದ್ದರು.