ಪರದೆಯ ಹಿಂದಿನ ಜಾಗ

ವೈಶಾಖದ ಬಿಸಿಲು ಏರುವ ಮೊದಲೇ ಸನತ್‌ನಗರದ ಆ ಮನೆಯ ಮಾಳಿಗೆಯ ಮೇಲೆ ಉಪ್ಪಿನಕಾಯಿಯ ಕೆಲಸ ನಡೆದಿತ್ತು. ಸೊಸೆ ಮಾನಸಾ ಮಾವಿನಕಾಯಿ ಹೆಚ್ಚುತ್ತಿದ್ದಳು. ಅವಳ ಅತ್ತೆ ನಳಿನಿ ಹೋಳುಗಳ ಬೀಜ ಕಿತ್ತು ಒರೆಸುತ್ತಿದ್ದಳು. ಉಪ್ಪು ಖಾರ ಕಲಸುವುದು ಮಾತ್ರ ನಳಿನಿ ‘ವೈನಿ’ ಎಂದು ಕರೆಯುವ ಅತ್ತಿಗೆ, ಎಂಬತ್ತನಾಲ್ಕರ ತುಳಸಾಬಾಯಿಯ ಪಾಲು. ಗಂಡ ಸತ್ತ ಮೇಲೆ, ಮಕ್ಕಳಿಲ್ಲದ ಆಕೆ ಬಂದು ನಿಂತದ್ದು ಈ ನಾದಿನಿಯ ಮನೆಯಲ್ಲಿ. ಶಾವುಕಾರರ ಮಗಳೆಂದು ಇಲ್ಲಿ ಆಕೆಗೆ ಸಿಗುತ್ತಿದ್ದ ಮರ್ಯಾದೆಯೆಂದರೆ ಈ ಕಲಸುವ ಪಾತ್ರೆಯೇ.

ಕಲಸುತ್ತ ಆಕೆ ಪ್ರತಿ ವರ್ಷದಂತೆ ರಾಯಚೂರಿನ ಟೆಂಟಿನಲ್ಲಿ ಹತ್ತು ವರ್ಷದವಳಿದ್ದಾಗ ಕಂಡ ಸಿನಿಮಾದ ಕತೆ ತೆಗೆದಳು. ಅಪ್ಪ ಮುಂದೆಯೇ ಬೆತ್ತದ ಕುರ್ಚಿ ಹಾಕಿಸಿದ್ದ. ರಾಣಿ ಎಡಗೈಯಲ್ಲಿ ಕತ್ತಿ ಹಿಡಿದು ಕೋಟೆಯನ್ನೇ ಬಿಡಿಸಿಕೊಂಡಿದ್ದಳು. ತಿಂಗಳುಗಟ್ಟಲೆ ತಾವೆಲ್ಲ ಎಡಗೈಯಲ್ಲೇ ಕೋಲು ಬೀಸಿದ್ದು.

ಮಾನಸಾ ಕೈ ತೊಳೆದು ಫೋನಿನಲ್ಲಿ ಹುಡುಕಿದಳು. ಸಿನಿಮಾ ಸಿಕ್ಕಿತು. ಮೂವರೂ ಬಗ್ಗಿ ನೋಡಿದರು. ಅದೇ ರಾಣಿ, ಅದೇ ಕೋಟೆ. ಕತ್ತಿ ಮಾತ್ರ ಬಲಗೈಯಲ್ಲಿತ್ತು.

ಫೋನಿನಲ್ಲಿ ತಿರುವುಮುರುವು ಕಾಣುತ್ತದೆ ಎಂದಳು ತುಳಸಾಬಾಯಿ. ಅಕ್ಷರಗಳು ನೆಟ್ಟಗೇ ಇವೆಯಲ್ಲ ಎಂದಳು ಮಾನಸಾ.

ನಳಿನಿ ಒರೆಸುವ ಬಟ್ಟೆಯನ್ನು ನಿಧಾನಕ್ಕೆ ಮಡಚಿದಳು.

“ಪರದೆ ಹಿಂದ ಕುಂತವ್ರಿಗಷ್ಟ ಎಡಗೈ ಕಾಣತಿತ್ತು, ವೈನಿ. ಟೆಂಟಿನ ಹಗ್ಗ ಜಗ್ಗೋರ ಮಕ್ಕಳು ಪುಕ್ಕಟೆ ಕೂಡೂ ಜಾಗಾ ಅದು. ಕುರ್ಚಿ ಯಾವ ಕಡೆ ಹಾಕಿಸಿದ್ರಿ ನಿಮ್ಮಪ್ಪ?”

ಮಾನಸಾ ನಕ್ಕಳು. ನಗಬಾರದೆಂದು ಬಾಯಿಗೆ ಸೆರಗು ಹಿಡಿದು ಮತ್ತೂ ನಕ್ಕಳು.

ತುಳಸಾಬಾಯಿಯ ಅಪ್ಪ ಹಗ್ಗ ಜಗ್ಗುತ್ತಿದ್ದದ್ದು ನಿಜ. ಅವನು ಸತ್ತ ಮೇಲೆ ಸೋದರಮಾವ ಆಕೆಯ ಮದುವೆಯ ಮಾತಿನಲ್ಲಿ ಅವನನ್ನು ಶಾವುಕಾರ ಎಂದುಬಿಟ್ಟಿದ್ದ. ಆ ಸುಳ್ಳನ್ನು ಹೊತ್ತು ಹೊತ್ತು ತುಳಸಾಬಾಯಿಗೆ ಆ ಬೆತ್ತದ ಕುರ್ಚಿ ತಾನೇ ಅದರಲ್ಲಿ ಕೂತು ಎದ್ದಷ್ಟು ಖರೆಯಾಗಿತ್ತು. ಆ ಸಿನಿಮಾಕ್ಕೆ ಇನ್ನೊಂದು ಮಗ್ಗುಲು ಇದ್ದೀತೆಂದು ಆಕೆಗೆ ಹೊಳೆದೇ ಇರಲಿಲ್ಲ.

ಆಕೆ ನಳಿನಿಯ ಮುಖ ನೋಡಿದಳು. ಹದಿನಾರರಲ್ಲಿ ಇದೇ ನಳಿನಿ ನೆರೆಮನೆಯ ಹುಡುಗನ ಜೊತೆ ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದಾಗ, ನಾನೇ ಕರೆದೊಯ್ದಿದ್ದೆ ಎಂದು ತನ್ನ ಅತ್ತೆಯ, ಅಂದರೆ ನಳಿನಿಯ ತಾಯಿಯ ಮುಂದೆ ನಿಂತವಳು ತಾನು. ಅತ್ತೆ ಕಾದ ಸೌಟನ್ನು ತುಳಸಾಬಾಯಿಯ ಭುಜಕ್ಕೆ ಒತ್ತಿದ್ದಳು. ಆ ರಾತ್ರಿ ನಳಿನಿ ಕಾಲು ಹಿಡಿದು, ಈ ಋಣ ಸಾಯುವುದರೊಳಗೆ ತೀರಿಸುತ್ತೇನೆ ಎಂದು ಅತ್ತಿದ್ದಳು.

ತುಳಸಾಬಾಯಿ ಹತ್ತಿರ ಸರಿದು, ಮಾನಸಾಗೆ ಕೇಳದಂತೆ ಹೇಳಿದಳು: “ನಿನ್ನ ಸಲುವಾಗಿ ನಾ ಒಂದು ಸುಳ್ಳು ಹೇಳಿದ್ದೆ, ನಳಿನಿ. ನೀನೂ ಒಂದು ಹೇಳು. ಎಡಗೈನ ಇತ್ತು ಅನ್ನು, ಸಾಕು.”

ನಳಿನಿ ಸೊಸೆಗೂ ಕೇಳುವಂತೆ ಗಟ್ಟಿಯಾಗಿ ಕೇಳಿದಳು: “ಯಾವ ಸುಳ್ಳ್ರೀ? ನನಗೇನೂ ನೆನಪಿಲ್ಲ.”

ಆಮೇಲೆ ಬಳೆ ಮೇಲೆ ಸರಿಸಿ, ಪಾತ್ರೆಯನ್ನು ತನ್ನತ್ತ ಎಳೆದುಕೊಂಡು ತಾನೇ ಕಲಸತೊಡಗಿದಳು.