ಎಂಟನೇ ಮಹಡಿಯ ಬಚ್ಚಲು

“ಎಮ್ಮೆ ಮೈ ತೊಳ್ಯೋಕೂ ಇಷ್ಟು ನೀರು ಬೇಡ ಕಣ್ರೇ! ಮನೇಲಿ ಬಚ್ಚಲಿಲ್ವಾ ನಿಮ್ಗೆ?”

ಬೈಯುತ್ತಲೇ ಮ್ಯಾನೇಜರ್ ನೆಲಮಾಳಿಗೆಯ ಬಚ್ಚಲಿಗೆ ಬೀಗ ಜಡಿದ. ಎಂಟು ಮಹಡಿಯ ಆ ಕಟ್ಟಡದ ಕಕ್ಕಸುಗಳನ್ನೆಲ್ಲ ತಿಕ್ಕುವ ಮೂವರು ಹೆಂಗಸರು ಸಂಜೆ ಮನೆಗೆ ಹೊರಡುವ ಮುಂಚೆ ಮೈ ತೊಳೆದುಕೊಳ್ಳಲು ಇದ್ದದ್ದು ಅದೊಂದೇ ಜಾಗ.

“ಸಾರ್, ಮೂರು ಜನ, ತಲೆಗೊಂದು ಬಕೆಟ್ಟು. ಅಷ್ಟಕ್ಕೆ ನೀರಿನ ಮೀಟರ್ ಡಬಲ್ ಓಡುತ್ತಾ?” ಎಂದಳು ಕಡ್ಡಿ. ಮೈಮೇಲೆ ಮೂಳೆ ಬಿಟ್ಟರೆ ಬೇರೇನೂ ಇಲ್ಲದ್ದರಿಂದ ಅವಳಿಗೆ ಆ ಹೆಸರು.

“ಬಾಯ್ಮುಚ್ಚೇ, ಲೌಡಿ. ನೀರು ಉಳಿಸಿ ಅಂತ ಮೇಲಿಂದ ಆರ್ಡರ್ ಬಂದಿದೆ. ನೀವು ತೊಳ್ಕೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ. ಹುಟ್ಟಿನ ನಾತ ಹೋಗುತ್ತಾ?”

ಉಳಿದ ಇಬ್ಬರು ಅತ್ತೆ ಸೊಸೆ. ಸೊಸೆ ನೆಲ ನೋಡುತ್ತ ನಿಂತಳು. ಅತ್ತೆ ಅವನು ಮೆಟ್ಟಿಲು ಹತ್ತುವ ತನಕ ಕಾದು, “ನಿನ್ ಹೆಣಕ್ಕೆ ಹನಿ ನೀರು ಸಿಗದೆ ಹೋಗ್ಲಿ” ಎಂದಳು.

ಆ ಸಂಜೆ ಬಸ್ಸಿನಲ್ಲಿ ಕಡ್ಡಿಯ ಪಕ್ಕದ ಸೀಟಿನವಳು ಎದ್ದು ಹೋಗಿ ಕಂಬ ಹಿಡಿದು ನಿಂತಳು. ಮನೆಯಲ್ಲಿ ಬಾಣಂತಿ ಮಗಳು, “ಅಮ್ಮಾ, ಹಾಗೇ ಮಗೂನ ಮುಟ್ಬೇಡ” ಎಂದಳು. ಬೀದಿಯ ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಐದಕ್ಕೆ. ಹನ್ನೆರಡು ದಿನದ ಮೊಮ್ಮಗಳನ್ನು ಕಡ್ಡಿ ಬಾಗಿಲಾಚೆಯಿಂದಲೇ ನೋಡಿದಳು. ಮೂರು ದಿನ ಹೀಗೇ ಆಯಿತು.

ನಾಲ್ಕನೆಯ ದಿನ ಕಟ್ಟಡದ ಪ್ಲಂಬರನನ್ನು ಹಿಡಿದು, ಇಷ್ಟು ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದಳು.

“ನೀರು ಕುಡೀತಿರೋದು ಫ್ಲಶ್ ಟ್ಯಾಂಕು ಅಕ್ಕಾ. ಒಳಗಿನ ರಬ್ಬರ್ ಸವೆದಿದೆ, ಸದ್ದಿಲ್ದೆ ದಿನವಿಡೀ ಸೋರುತ್ತೆ. ಬದಲಾಯ್ಸೋಣ ಅಂತ ಎರಡು ವರ್ಷದಿಂದ ಬಡ್ಕೋತಿದೀನಿ. ಎಲ್ಲಿ ಸೋರುತ್ತೆ ತೋರ್ಸು ಅಂತಾನೆ ಮ್ಯಾನೇಜರ್.”

“ತೋರ್ಸೋಕೇನು ಧಾಡಿ ನಿಂಗೆ?”

“ಟ್ಯಾಂಕಿಗೆ ಬಟ್ಟೆ ನೀಲಿ ಹಾಕಿ ಅರ್ಧ ಗಂಟೆ ಬಿಡ್ಬೇಕು. ಫ್ಲಶ್ ಮಾಡದೇನೇ ಕೆಳಗೆ ನೀಲಿ ಇಳಿದ್ರೆ ರಬ್ಬರ್ ಹೋಗಿದೆ ಅಂತ. ಹೆಂಗಸರ ಕಕ್ಕಸಿಗೆ ನಾನ್ ನುಗ್ಲಾ? ಅವನ ಬಚ್ಚಲಿಗಂತೂ ಬಿಡೋದೇ ಇಲ್ಲ.”

ಆ ಕಟ್ಟಡದಲ್ಲಿ ಎಲ್ಲ ಬಾಗಿಲೂ ತೆರೆಯುತ್ತಿದ್ದದ್ದು ಪೊರಕೆ ಹಿಡಿದವರಿಗೆ ಮಾತ್ರ.

ಮರುದಿನ ಆಫೀಸು ತುಂಬುವ ಮೊದಲೇ ಮೂವರೂ ಮಹಡಿ ಹಂಚಿಕೊಂಡು ನೀಲಿ ಸುರಿದರು. ಅರವತ್ತು ಟ್ಯಾಂಕುಗಳಲ್ಲಿ ಹತ್ತೊಂಬತ್ತು ಸೋರುತ್ತಿದ್ದವು. ಎಂಟನೇ ಮಹಡಿಯಲ್ಲಿ, ಮ್ಯಾನೇಜರನೊಬ್ಬನೇ ಬಳಸುವ ಬಚ್ಚಲಲ್ಲಿ, ಕಡ್ಡಿ ಕನ್ನಡಿ ಒರೆಸಿ ತಿರುಗುವಷ್ಟರಲ್ಲಿ ಕಮೋಡಿನ ತುಂಬ ಗಾಢ ನೀಲಿ.

ಅವನು ಬಂದ ಕೂಡಲೇ ಕರೆದು ತೋರಿಸಿದಳು.

“ನೋಡಿ ಸಾರ್, ನೀರು ಕುಡಿಯೋ ಎಮ್ಮೆ ಇಲ್ಲಿದೆ.”

“ನನ್ನ ಬಾತ್‌ರೂಮಿಗೆ ಏನೇ ಹಾಕಿದೀಯ, ಮಾಟಗಾತಿ?”

“ನೀಲಿ ಸಾರ್. ಟ್ಯಾಂಕು ಸೋರ್ತಿದೆ. ನಮ್ಮ ಬಚ್ಚಲ ಬೀಗ ತೆಗೀರಿ.”

ಅವನು ಬಗ್ಗಿ ನೋಡಿದ. ನೆಟ್ಟಗಾಗಿ ಫ್ಲಶ್ ಒತ್ತಿದ. ಮತ್ತೊಮ್ಮೆ ಒತ್ತಿದ. ಟ್ಯಾಂಕಿನ ನೀಲಿಯೆಲ್ಲ ಭೋರೆಂದು ಇಳಿದುಹೋಯಿತು.

“ಎಲ್ಲಿದೆ? ತೋರ್ಸು.”

ಕಡ್ಡಿ ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು.

“ಮೀಟಿಂಗ್ ಮುಗಿಸಿ ಬರೋದ್ರೊಳಗೆ ಇದು ಫಳಫಳ ಅನ್ಬೇಕು. ನಾಳೆಯಿಂದ ನೀನು ಬರ್ಬೇಡ.”

ಅವನು ಹೋದ. ಕಡ್ಡಿ ಕಾರಿಡಾರಿಗೆ ಬಂದು ಅತ್ತೆ ಸೊಸೆಯರನ್ನು ಕೂಗಿದಳು. “ಟವೆಲ್ಲು ತನ್ರೇ, ಸೋಪೂ ತನ್ನಿ.” ಅವರು ತಂದದ್ದನ್ನು ಹಿಡಿದು ಒಳಗೆ ಹೋಗಿ ಚಿಲಕ ಹಾಕಿ, ಸೀರೆ ಬಿಚ್ಚಿ, ಷವರ್ ತಿರುಗಿಸಿದಳು. ಬಿಸಿನೀರು! ಬೆನ್ನಿಗೆ ಬಿದ್ದಾಗ ಅವಳಿಗೇ ಗೊತ್ತಿಲ್ಲದೆ ಬಾಯಿಂದ ಉಸ್ಸೆಂದಿತು.

ಬಾಗಿಲಿಗೆ ಗುದ್ದು ಬಿತ್ತು.

“ಯಾವಳೇ ಒಳಗೆ? ತೆಗೀತೀಯೋ ಪೊಲೀಸ್ ಕರೀಲೋ?”

ಹೊರಗಿನಿಂದ ಅತ್ತೆಯ ದನಿ: “ಹಿಂದೆ ನಿಂತ್ಕೊಳ್ಳಿ ಸಾರ್. ಅವಳಾದ್ಮೇಲೆ ನಾನು. ನಾನಾದ್ಮೇಲೆ ಇವಳು.”

“ನಾನೇ ಮೊದಲು ಹೋಗ್ತೀನಿ ಅತ್ತೆ,” ಎಂದಳು ಸೊಸೆ. ಅವಳು ಆ ಮಹಡಿಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು.

ಓಡಿ ಬರುವ ಸೆಕ್ಯೂರಿಟಿಯವರ ಬೂಟುಗಳ ಸದ್ದು ಕೇಳಿಸಿತು. ಚಿಲಕದ ಒಂದು ಸ್ಕ್ರೂ ಕಿತ್ತು ನೆಲಕ್ಕೆ ಬಿತ್ತು. ಕಡ್ಡಿ ಕಣ್ಣು ಮುಚ್ಚಿ ಎರಡನೇ ಸಲ ತಲೆಗೆ ಸೋಪು ಹಚ್ಚಿದಳು.